ಸೆಕೆಂಡ್‌ಹ್ಯಾಂಡ್ ಹೈಬ್ರಿಡ್ ಕ್ಯಾರವಾನ್: 550 ಕಿಲೋ, 59 ರಾತ್ರಿಗಳ ಲೆಕ್ಕ

ಮೆಲ್ಬರ್ನ್‌ನಲ್ಲೋ ಸಿಡ್ನಿಯಲ್ಲೋ ನೆಲೆಸಿರುವ ನಾಲ್ವರ ಕುಟುಂಬವೊಂದು 2021ರಲ್ಲಿ ತಯಾರಾದ ಆಫ್‌ರೋಡ್ ಹೈಬ್ರಿಡ್ ಕ್ಯಾರವಾನ್ ಒಂದನ್ನು 48,000 ಡಾಲರ್‌ಗೆ ಕೊಳ್ಳಲು ಹೊರಟಿದೆ ಎಂದಿಟ್ಟುಕೊಳ್ಳೋಣ. ಆಸ್ಟ್ರೇಲಿಯದ ಒಂದು ಡಾಲರ್‌ಗೆ 58 ರೂಪಾಯಿಯಂತೆ ಇದು 27.84 ಲಕ್ಷ ರೂಪಾಯಿ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಈ ಅಂಕಿ. ಆದರೆ ಕೊಳ್ಳಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವ ಅಂಕಿಗಳು ಬೇರೆ ಎರಡಿವೆ. ಒಂದು, ಗಾಡಿ ಹೊರಬಲ್ಲ ಸಾಮಾನಿನ ತೂಕ. ಇನ್ನೊಂದು, ವರ್ಷದಲ್ಲಿ ಅದರೊಳಗೆ ಮಲಗುವ ರಾತ್ರಿಗಳ ಸಂಖ್ಯೆ. ಈ ಬರಹದಲ್ಲಿ ಬರುವ ಬೆಲೆ, ಬಾಡಿಗೆ, ರಿಪೇರಿ ವೆಚ್ಚ, ಸಾಮಾನಿನ ತೂಕ ಇವೆಲ್ಲ ಲೆಕ್ಕಕ್ಕೆಂದು ಹಿಡಿದ ಮೊತ್ತಗಳು. ಓದುಗರು ತಮ್ಮ ಅಂಕಿಗಳನ್ನು ಹಾಕಿ ನೋಡಬಹುದು. ಕಾರುಗಳ ತೂಕದ ಮಿತಿ ತಯಾರಕರದು, ಕಾನೂನಿನ ಮಿತಿ ಸರ್ಕಾರದ್ದು.

ಹೈಬ್ರಿಡ್ ಎಂದರೆ ಇಲ್ಲಿ ಪೆಟ್ರೋಲ್–ಬ್ಯಾಟರಿ ಎಂಜಿನ್ ಅಲ್ಲ. ಕ್ಯಾನ್ವಾಸ್ ಬಿಚ್ಚಿ ಡೇರೆಯಾಗುವ ಕ್ಯಾಂಪರ್ ಟ್ರೇಲರ್‌ಗೂ ಗೋಡೆ–ಸೂರು ಇರುವ ಕ್ಯಾರವಾನ್‌ಗೂ ನಡುವಿನ ಗಾಡಿ ಇದು. ಗೋಡೆ ಗಟ್ಟಿ, ಸೂರನ್ನು ನಿಂತಲ್ಲಿ ಮೇಲಕ್ಕೆತ್ತಬಹುದು, ಅಡುಗೆ ಕಟ್ಟೆ ಬಹುತೇಕ ಗಾಡಿಗಳಲ್ಲಿ ಹೊರಮೈಯಿಂದ ಹೊರಗೆ ಜಾರುತ್ತದೆ. ಉದ್ದ 13ರಿಂದ 16 ಅಡಿ. ಕುಟುಂಬ ಬಳಕೆಯ 20–22 ಅಡಿಯ ಆಫ್‌ರೋಡ್ ಕ್ಯಾರವಾನ್ ತುಂಬಿದಾಗ 3,500 ಕೆ.ಜಿ. ಮುಟ್ಟುವುದು ಸಾಮಾನ್ಯ. ಹೈಬ್ರಿಡ್ 2,500ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಈ 1,000 ಕೆ.ಜಿ. ವ್ಯತ್ಯಾಸಕ್ಕಾಗಿಯೇ ಜನ ಇದನ್ನು ಹುಡುಕುತ್ತಾರೆ.

ನಮ್ಮ ಮಾದರಿ ಗಾಡಿಯ ಫಲಕದಲ್ಲಿ ಎರಡು ಅಂಕಿಗಳಿವೆ. ಟೇರ್, ಅಂದರೆ ನೀರಿನ ಟ್ಯಾಂಕ್ ಬರಿದಾಗಿದ್ದಾಗಿನ ಖಾಲಿ ತೂಕ, 2,050 ಕೆ.ಜಿ. ಎಟಿಎಂ, ಅಂದರೆ ಎಲ್ಲ ತುಂಬಿದ ಮೇಲೂ ದಾಟಬಾರದ ಒಟ್ಟು ತೂಕ, 2,600 ಕೆ.ಜಿ. ಎರಡರ ನಡುವಿನ 550 ಕೆ.ಜಿ.ಯೇ ಪೇಲೋಡ್, ಕುಟುಂಬ ತುಂಬಬಹುದಾದ ಸಾಮಾನಿನ ಗರಿಷ್ಠ ತೂಕ.

ಕೇಳಲು 550 ಕಡಿಮೆಯಲ್ಲ. ತುಂಬಿ ನೋಡೋಣ. ತಲಾ 100 ಲೀಟರಿನ ಎರಡು ಟ್ಯಾಂಕ್ ನೀರು 200 ಕೆ.ಜಿ. 9 ಕೆ.ಜಿ.ಯ ಎರಡು ಸಿಲಿಂಡರುಗಳೊಳಗಿನ ಅನಿಲ 18. ಬದಿಗೆ ಕಟ್ಟುವ ಡೇರೆ ಗೋಡೆಗಳು 25. ನಾಲ್ಕು ಸೈಕಲ್, ಅವನ್ನು ಹೊರುವ ರ‍್ಯಾಕ್ 65. ಎರಡನೆಯ ಸ್ಟೆಪ್ನಿ 35. ದಿನಸಿ ಮತ್ತು ಫ್ರಿಜ್‌ನಲ್ಲಿ ಇರುವುದು 60. ಕುಕ್ಕರ್, ಮಿಕ್ಸಿ, ಪಾತ್ರೆ 30. ಬಟ್ಟೆ, ಹಾಸಿಗೆ, ಹೊದಿಕೆ 80. ಕುರ್ಚಿ, ಮೇಜು, ನೀರಿನ ಪೈಪು, ವಿದ್ಯುತ್ ಕೇಬಲ್, ರಿಪೇರಿ ಸಾಮಗ್ರಿ 45. ಮೊತ್ತ 558 ಕೆ.ಜಿ. ಆಟಿಕೆ, ಪುಸ್ತಕ ಇನ್ನೂ ಒಳಗೆ ಬಂದಿಲ್ಲ, ಮಿತಿ 8 ಕೆ.ಜಿ. ಮೀರಿದೆ.

ಸೆಕೆಂಡ್‌ಹ್ಯಾಂಡ್ ಗಾಡಿಯಲ್ಲಿ ಇದರ ಮೇಲೆ ಇನ್ನೊಂದು ಹೊರೆ ಇರುತ್ತದೆ. ಹಳೆಯ ಮಾಲೀಕರು ಹಾಕಿಸಿದ ಹೆಚ್ಚುವರಿ ಬ್ಯಾಟರಿ, ಸೌರಫಲಕ, ಮುಂಭಾಗದ ಉಕ್ಕಿನ ಪೆಟ್ಟಿಗೆ ಇವಕ್ಕೆ 60 ಕೆ.ಜಿ. ಹಿಡಿಯೋಣ. ಜಾಹೀರಾತಿನಲ್ಲಿ ಇವು 'ಉಚಿತ ಸೌಲಭ್ಯ'ಗಳ ಪಟ್ಟಿಯಲ್ಲಿರುತ್ತವೆ. ಫಲಕದ ಮೇಲಿನ ಟೇರ್ ಕಾರ್ಖಾನೆ ಬಿಟ್ಟ ದಿನದ್ದಾದ್ದರಿಂದ ಈ 60 ಕೆ.ಜಿ. ಅಲ್ಲಿ ಕಾಣುವುದಿಲ್ಲ. ನಿಜವಾದ ಪೇಲೋಡ್ 490ಕ್ಕೆ ಇಳಿದಿದೆ, ಅಂದರೆ ಸುಮಾರು ಶೇ 11 ಕಡಿತ. ಮೇಲಿನ ಸಾಮಾನು ತುಂಬಿದರೆ ಗಾಡಿ 2,668 ಕೆ.ಜಿ. ತೂಗುತ್ತದೆ. ಮಾತುಕತೆಗೆ ಮೊದಲು ಗಾಡಿಯನ್ನು ವೇಬ್ರಿಡ್ಜ್ ಮೇಲೆ ನಿಲ್ಲಿಸಿ ಚೀಟಿ ತೆಗೆದುಕೊಳ್ಳಬೇಕು ಎನ್ನುವುದು ಇದಕ್ಕೇ. ಖರ್ಚು ಕೆಲವು ಹತ್ತು ಡಾಲರ್. ಮಾರುವವರು ಒಪ್ಪದಿದ್ದರೆ ನಾನಾದರೆ ಮುಂದಿನ ಗಾಡಿ ನೋಡುತ್ತೇನೆ.

ತೂಕದ ಎರಡನೆಯ ಅರ್ಧ ಕಾರಿನಲ್ಲಿದೆ. ಟ್ರೇಲರ್ ತನ್ನ ತೂಕದ ಒಂದು ಪಾಲನ್ನು ಕಾರಿನ ಹಿಂಬದಿಯ ಕೊಂಡಿಯ ಮೇಲೆ ಊರುತ್ತದೆ. ಇದಕ್ಕೆ ಟೋಬಾಲ್ ತೂಕ ಎನ್ನುತ್ತಾರೆ. ರೂಢಿಯ ಅಳತೆ ಒಟ್ಟು ತೂಕದ ಶೇ 10. ನಮ್ಮ ಗಾಡಿಗೆ 260 ಕೆ.ಜಿ. ಇದು ಕಾರಿನೊಳಗೆ ಕೂತ ಪ್ರಯಾಣಿಕರ ತೂಕದಂತೆಯೇ ಕಾರಿನ ಲೆಕ್ಕಕ್ಕೆ ಸೇರುತ್ತದೆ.

ಟೊಯೊಟಾ ಪ್ರಾಡೊ 150 ಸರಣಿಯ ಡೀಸೆಲ್ ಆಟೊಮ್ಯಾಟಿಕ್ ಕಾರನ್ನು ತೆಗೆದುಕೊಳ್ಳೋಣ. ಎಳೆಯುವ ಮಿತಿ 3,000 ಕೆ.ಜಿ., ಹಾಗಾಗಿ 2,600ರ ಗಾಡಿ ಅದಕ್ಕೆ ಸಲೀಸು ಎಂದು ಮಾರುವವರು ಹೇಳುತ್ತಾರೆ. ಆದರೆ ಅದರ ಜಿವಿಎಂ, ಅಂದರೆ ಕಾರು ತುಂಬಿದ ಮೇಲೆ ದಾಟಬಾರದ ತೂಕ, 2,990 ಕೆ.ಜಿ. ಡೀಸೆಲ್ ತುಂಬಿದ ಕಾರಿನ ತೂಕ 2,400 ಎಂದು ಹಿಡಿದರೆ ಉಳಿಯುವುದು 590. ಟೋಬಾಲ್ ತೂಕ ಕಳೆದರೆ 330. ಇಬ್ಬರು ದೊಡ್ಡವರಿಗೆ 150, ಇಬ್ಬರು ಮಕ್ಕಳಿಗೆ 60, ಉಳಿದದ್ದು 120. ಕಾಂಗರೂ ಅಡ್ಡ ಬಂದರೆ ಇರಲೆಂದು ಮುಂದೆ ಹಾಕಿಸಿದ ಬುಲ್‌ಬಾರ್, ಹಿಂದಿನ ಕೊಂಡಿಯ ಚೌಕಟ್ಟು, ಎರಡನೆಯ ಬ್ಯಾಟರಿ ಸೇರಿ 115. ಕೊನೆಗೆ 5 ಕೆ.ಜಿ. ಒಂದು ಸಣ್ಣ ಅಕ್ಕಿ ಚೀಲ. ಊರಿನಿಂದ ಬಂದ ಅಜ್ಜಿ–ತಾತನನ್ನು ಮೂರನೆಯ ಸಾಲಿನ ಸೀಟಿನಲ್ಲಿ ಕೂರಿಸುವ ಯೋಜನೆ ಇದ್ದರೆ ಅದು ಇಲ್ಲಿಗೆ ಮುಗಿಯಿತು.

3,500 ಕೆ.ಜಿ. ಎಳೆಯುವ ಕಾರು ಕೊಂಡರೆ ತೊಂದರೆ ನೀಗುತ್ತದೆಯೇ? 2020ರಲ್ಲಿ ಆಸ್ಟ್ರೇಲಿಯಕ್ಕೆ ಬಂದ ಇಸುಜು ಡಿ–ಮ್ಯಾಕ್ಸ್ 4x4ರ ಎಳೆಯುವ ಮಿತಿ 3,500, ಜಿವಿಎಂ 3,100. ಕೂಡಿದರೆ 6,600. ಆದರೆ ಅದರ ಜಿಸಿಎಂ, ಅಂದರೆ ಕಾರು–ಟ್ರೇಲರ್ ಎರಡೂ ಸೇರಿ ದಾಟಬಾರದ ತೂಕ, 5,950 ಮಾತ್ರ. 3,500 ಎಳೆದರೆ ಕಾರಿಗೆ ಸಿಗುವುದು 2,450. ಪೂರ್ತಿ ತುಂಬುವ ಅವಕಾಶಕ್ಕಿಂತ 650 ಕೆ.ಜಿ. ಕಡಿಮೆ. ಅದೇ ಕಾರಿಗೆ ನಮ್ಮ 2,600ರ ಹೈಬ್ರಿಡ್ ಕಟ್ಟಿದರೆ 3,350 ಉಳಿಯುತ್ತದೆ, ಅಂದರೆ ಜಿವಿಎಂ ಪೂರ್ತಿ ಬಳಸಬಹುದು. ಹೈಬ್ರಿಡ್‌ನ ನಿಜವಾದ ಲಾಭ ಈ ವ್ಯವಕಲನದಲ್ಲಿದೆ. ಮಿತಿ ಮೀರಿದ ಗಾಡಿ ಅಪಘಾತಕ್ಕೀಡಾದರೆ ವಿಮಾ ಸಂಸ್ಥೆ ಪರಿಹಾರ ನಿರಾಕರಿಸಬಹುದು ಎಂಬುದನ್ನು ಪಾಲಿಸಿಯ ಷರತ್ತುಗಳಲ್ಲಿ ಓದಿಕೊಳ್ಳಬೇಕು.

ಕಾನೂನಿನ ಒಂದು ಗೆರೆ 2,000 ಕೆ.ಜಿ.ಯಲ್ಲಿದೆ. ಟ್ರೇಲರ್‌ನ ಚಕ್ರಗಳ ಮೇಲೆ ಬೀಳುವ ಭಾರ 750 ಕೆ.ಜಿ. ಮೀರಿದರೆ ಬ್ರೇಕ್ ಕಡ್ಡಾಯ. 2,000 ಮೀರಿದರೆ ಎಲ್ಲ ಚಕ್ರಗಳಿಗೂ ಬ್ರೇಕ್ ಇರಬೇಕು, ಜೊತೆಗೆ ಗಾಡಿ ಕಾರಿನಿಂದ ಕಳಚಿಕೊಂಡರೆ ತಾನಾಗಿ ಬ್ರೇಕ್ ಹಿಡಿಯುವ ವ್ಯವಸ್ಥೆ ಬೇಕು. ನಮ್ಮ ಗಾಡಿಯ ಭಾರ 2,600ರಲ್ಲಿ 260 ಕಳೆದು 2,340. ಹಾಗಾಗಿ ಆ ವ್ಯವಸ್ಥೆಯ ಪುಟ್ಟ ಬ್ಯಾಟರಿ ಮತ್ತು ತಂತಿ ಕೆಲಸ ಮಾಡುತ್ತಿವೆಯೇ ಎಂದು ಪಿನ್ ಎಳೆದೇ ನೋಡಬೇಕು.

ಈಗ ಹಣ. ಪೇಟೆಗೆ ಬಂದಿರುವ ಗಾಡಿಗಳ ತಯಾರಿಕೆಯ ವರ್ಷ ನೋಡಿದರೆ ಹಿನ್ನೆಲೆ ಊಹಿಸಬಹುದು. ಆಸ್ಟ್ರೇಲಿಯ 2020ರ ಮಾರ್ಚ್ 20ರಂದು ಹೊರಗಿನವರಿಗೆ ಗಡಿ ಮುಚ್ಚಿತು. ಲಸಿಕೆ ಪಡೆದ ಎಲ್ಲ ವೀಸಾದಾರರಿಗೆ ತೆರೆದದ್ದು 2022ರ ಫೆಬ್ರುವರಿ 21ಕ್ಕೆ. ಆ 23 ತಿಂಗಳ ಬಹುಪಾಲು ವಿದೇಶ ಪ್ರವಾಸದ ಹಣ ದೇಶದೊಳಗೇ ಖರ್ಚಾಗಬೇಕಿತ್ತು. ಅದೇ ಹೊತ್ತಿನಲ್ಲಿ, 2020ರ ನವೆಂಬರ್‌ನಿಂದ 2022ರ ಮೇ ತನಕ, ರಿಸರ್ವ್ ಬ್ಯಾಂಕಿನ ಮೂಲ ಬಡ್ಡಿ ದರ ಶೇ 0.10 ಇತ್ತು. 2023ರ ನವೆಂಬರ್ ಹೊತ್ತಿಗೆ ಅದು ಶೇ 4.35ಕ್ಕೆ ಏರಿತು. ಅಗ್ಗದ ಸಾಲ ಮತ್ತು ಮುಚ್ಚಿದ ಗಡಿಯ ಕಾಲದಲ್ಲಿ ಕೊಂಡವರೇ ಈಗ ಮಾರುವವರಲ್ಲಿ ಹೆಚ್ಚಿರಬೇಕೆಂಬುದು ನನ್ನ ತರ್ಕ. ಆಗ ಕೊಟ್ಟ ಬೆಲೆ ಅವರ ಮನಸ್ಸಿನಲ್ಲಿ ಕೂತಿರುತ್ತದೆ. ಕೊಳ್ಳುವವರು ಅದನ್ನು ಹೊರಬೇಕಿಲ್ಲ.

48,000 ಕೊಟ್ಟ ಮರುದಿನದ ಖರ್ಚು ಹೀಗಿದೆ: ಸ್ವತಂತ್ರ ತಪಾಸಣೆ 500, ಸ್ಟೆಪ್ನಿ ಸೇರಿ ಮೂರು ಟಯರ್ 1,050, ಬೇರಿಂಗ್ ಮತ್ತು ಬ್ರೇಕ್ ಸರ್ವಿಸ್ 700, ಅನಿಲ–ವಿದ್ಯುತ್ ಪರೀಕ್ಷೆ 400, ಸೋರಿಕೆ ತಡೆಯುವ ಸೀಲುಗಳು 800, ಲೀಥಿಯಂ ಬ್ಯಾಟರಿ 900. ಒಟ್ಟು 4,350 ಡಾಲರ್, ಬೆಲೆಯ ಶೇ 9. ಗಾಡಿ ಮನೆ ಬಾಗಿಲಿಗೆ ಬಂದು ನಿಂತಾಗ ಅದರ ಬೆಲೆ 52,350.

ಟಯರಿನ ಖರ್ಚನ್ನು ಮೊದಲೇ ಹಿಡಿದಿದ್ದಕ್ಕೆ ಕಾರಣವಿದೆ. ಗಾಡಿ ವರ್ಷದ ಬಹುಪಾಲು ನಿಂತೇ ಇರುವುದರಿಂದ ಟಯರು ಸವೆಯುವ ಮೊದಲೇ ಮುಪ್ಪಾಗುತ್ತದೆ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಗಳು ಒತ್ತಿರುತ್ತವೆ. 2117 ಎಂದಿದ್ದರೆ 2017ರ 21ನೇ ವಾರದಲ್ಲಿ ತಯಾರಾದದ್ದು. 2021ರ ಗಾಡಿಯಲ್ಲಿ ಈ ಅಂಕಿ ಕಂಡರೆ ಕಾರ್ಖಾನೆಯಲ್ಲಿ ಹಾಕುವಾಗಲೇ ಟಯರಿಗೆ ಸುಮಾರು ನಾಲ್ಕು ವರ್ಷ ಆಗಿತ್ತು, ಅಥವಾ ಯಾರೋ ಹಳೆಯದನ್ನು ತಂದು ಹಾಕಿದ್ದಾರೆ. ತುಳಿಭಾಗದ ಗೆರೆ ಎಷ್ಟೇ ಆಳವಿದ್ದರೂ ಐದರಿಂದ ಏಳು ವರ್ಷಕ್ಕೆ ಬದಲಿಸುವುದು ವಾಡಿಕೆ.

ಆಫ್‌ರೋಡ್ ಎಂಬ ಹಣೆಪಟ್ಟಿಗೆ ಕೊಟ್ಟ ಹಣ ಎಲ್ಲಿ ಹೋಯಿತು ಎಂದು ನೋಡಲು ಗಾಡಿಯ ಕೆಳಗೆ ಮಲಗಬೇಕು. ಪಶ್ಚಿಮ ಆಸ್ಟ್ರೇಲಿಯದ ಗಿಬ್ ರಿವರ್ ರೋಡ್ ಸುಮಾರು 660 ಕಿ.ಮೀ.; ದಕ್ಷಿಣ ಆಸ್ಟ್ರೇಲಿಯದ ಮರ‍್ರೀಯಿಂದ ಕ್ವೀನ್ಸ್‌ಲ್ಯಾಂಡಿನ ಬರ್ಡ್ಸ್‌ವಿಲ್‌ವರೆಗಿನ ಹಾದಿ 517 ಕಿ.ಮೀ. ಇಂಥ ಮಣ್ಣು ರಸ್ತೆಗಳಲ್ಲಿ ಚಕ್ರ ಓಡಾಡಿ ಅಡ್ಡಡ್ಡ ಏರುತಗ್ಗಿನ ಗೆರೆಗಳು ಮೂಡಿರುತ್ತವೆ. ನೂರಾರು ಕಿಲೋಮೀಟರ್ ಅದರ ಮೇಲೆ ಅದುರಿದ ಗಾಡಿಯಲ್ಲಿ ಶಾಕ್ ಅಬ್ಸಾರ್ಬರ್ ಎಣ್ಣೆ ಸೋರಿರುತ್ತದೆ, ಸಸ್ಪೆನ್ಷನ್ನಿನ ಬುಷ್ ಬಿರಿದಿರುತ್ತದೆ, ಎಳೆಯುವ ತೊಲೆ ಚಾಸಿಗೆ ಸೇರುವ ವೆಲ್ಡಿಂಗ್ ಬಳಿ ಕೂದಲೆಳೆಯ ಸೀಳು ತುಕ್ಕಿನ ಗೆರೆಯಾಗಿ ಕಾಣುತ್ತದೆ. ಒಳಗೆ, ಕಪಾಟಿನ ಮೂಲೆಯಲ್ಲಿ ಬೆರಳಾಡಿಸಿದರೆ ಕೆಂಧೂಳು ಹತ್ತುತ್ತದೆ. ಅದು ಬಂದ ದಾರಿಯೇ ಮಳೆಗಾಲದಲ್ಲಿ ನೀರು ಬರುವ ದಾರಿ. ಒಳಗೋಡೆಯಲ್ಲಿ ಮರವಿದ್ದರೆ ತೇವಮಾಪಕ ಒತ್ತಿ ನೋಡಬಹುದು. ಶೇ 20 ದಾಟಿದ ಅಂಕಿ ಬಂದರೆ 800 ಡಾಲರಿನ ಸೀಲು ಸಾಲದು.

ವಿದ್ಯುತ್ತಿನ ಲೆಕ್ಕ ಅಡುಗೆಮನೆಯಿಂದ ಶುರುವಾಗಬೇಕು. 100 ಆಂಪಿಯರ್–ಅವರ್‌ನ ಲೀಥಿಯಂ ಬ್ಯಾಟರಿ ಸುಮಾರು 12 ಕೆ.ಜಿ. ತೂಗುತ್ತದೆ, 1,280 ವ್ಯಾಟ್–ಅವರ್ ಹಿಡಿಯುತ್ತದೆ. ಶೇ 80 ಬಳಸಿದರೆ 1,024. ಅಷ್ಟೇ ಅಂಕಿ ಬರೆದ ಹಳೆಯ ಮಾದರಿಯ ಎಜಿಎಂ ಬ್ಯಾಟರಿ 30 ಕೆ.ಜಿ. ತೂಗಿ, ಅರ್ಧದಷ್ಟು ಮಾತ್ರ ಬಳಕೆಗೆ ಕೊಡುತ್ತದೆ. 750 ವ್ಯಾಟಿನ ಮಿಕ್ಸಿಯಲ್ಲಿ ಐದು ನಿಮಿಷ ಚಟ್ನಿ ರುಬ್ಬಲು 62.5 ವ್ಯಾಟ್–ಅವರ್ ಸಾಕು. 2,000 ವ್ಯಾಟಿನ ಇಂಡಕ್ಷನ್ ಒಲೆಯನ್ನು ಅರ್ಧ ಗಂಟೆ ಉರಿಸಿದರೆ 1,000; ಬ್ಯಾಟರಿ ಖಾಲಿ. ಹಾಗಾಗಿ ಮಿಕ್ಸಿಗೆ ಇನ್ವರ್ಟರ್ ಇರಲಿ, ಕುಕ್ಕರ್ ಅನಿಲದ ಒಲೆಯ ಮೇಲೇ ಕೂಗಲಿ. 'ಪೂರ್ತಿ ಎಲೆಕ್ಟ್ರಿಕ್ ಅಡುಗೆ' ಎಂದು 5,000 ಡಾಲರ್ ಹೆಚ್ಚು ಕೇಳುವ ಗಾಡಿಯಲ್ಲಿ ಎಷ್ಟು ಬ್ಯಾಟರಿಗಳಿವೆ ಎಂದು ಎಣಿಸಿಯೇ ಮಾತಾಡಬೇಕು.

ಬ್ಯಾಟರಿ ಎಲ್ಲಿದೆ ಎಂಬುದೂ ಪ್ರಶ್ನೆ. ಕ್ಯಾರವಾನ್‌ಗಳ ವಿದ್ಯುತ್ ಅಳವಡಿಕೆಗೆ 2022ರ ನವೆಂಬರ್‌ನಲ್ಲಿ ಪ್ರಕಟವಾದ ಎಎಸ್/ಎನ್‌ಝಡ್‌ಎಸ್ 3001.2 ಮಾನದಂಡದ ಪ್ರಕಾರ ಲೀಥಿಯಂ ಬ್ಯಾಟರಿಯ ಗೂಡು ಜನ ಇರುವ ಜಾಗಕ್ಕೆ ತೆರೆದುಕೊಂಡಿರಬಾರದು. 2021ರ ಗಾಡಿಗೆ ಆಮೇಲೆ ಮನೆಯಲ್ಲೇ ಹಾಕಿಕೊಂಡ ಬ್ಯಾಟರಿ ಮಕ್ಕಳ ಮಂಚದ ಕೆಳಗೆ ಸಿಕ್ಕರೆ, ಅದನ್ನು ಹೊರಗಿನ ಪೆಟ್ಟಿಗೆಗೆ ಸಾಗಿಸುವ ಖರ್ಚನ್ನು ಬೆಲೆಯಲ್ಲಿ ಕಡಿಸಿಕೊಳ್ಳಬೇಕು.

ಕಾಗದಪತ್ರಕ್ಕೆ ಹೆಚ್ಚು ಹೊತ್ತು ಬೇಡ. ಮಾರುವವರ ಸಾಲ ಗಾಡಿಯ ಮೇಲೆ ಬಾಕಿ ಇದೆಯೇ ಎಂದು ತಿಳಿಯಲು ಪಿಪಿಎಸ್‌ಆರ್ ಎಂಬ ರಾಷ್ಟ್ರೀಯ ದಾಖಲೆಯಲ್ಲಿ ಗಾಡಿಯ ಗುರುತಿನ ಸಂಖ್ಯೆಯಾದ 17 ಅಕ್ಷರಾಂಕಿಗಳ ವಿಐಎನ್ ಹಾಕಿ ಹುಡುಕಿದರೆ ಸಾಕು. ಶುಲ್ಕ 2 ಡಾಲರ್, 48,000ದ ಎದುರು ಶೇ 0.004. ಸಾಲವಿದ್ದು ತೀರದಿದ್ದರೆ ಸಾಲ ಕೊಟ್ಟ ಸಂಸ್ಥೆ ಗಾಡಿಯನ್ನು ಹೊಸ ಮಾಲೀಕರ ಅಂಗಳದಿಂದ ಎಳೆದೊಯ್ಯಬಹುದು. ಇನ್ನು, ವಾಹನ ಮಾನದಂಡಗಳ ಹೊಸ ಕಾಯ್ದೆ ಜಾರಿಯಾದದ್ದು 2021ರ ಜುಲೈ 1ಕ್ಕೆ. ಅದರ ಬದಲಾವಣೆಯ ಅವಧಿ 2023ರ ಜೂನ್ 30ಕ್ಕೆ ಮುಗಿಯಿತು. ಆ ನಂತರ ಪೇಟೆಗೆ ಬಂದ ಹೊಸ ಟ್ರೇಲರ್ ಅನುಮೋದಿತ ವಾಹನಗಳ ಪಟ್ಟಿಯಲ್ಲಿ ಇರಲೇಬೇಕು. ಕ್ವೀನ್ಸ್‌ಲ್ಯಾಂಡಿನಲ್ಲಿ ಅನಿಲದ ಒಲೆ ಇರುವ ಗಾಡಿ ಮಾರುವಾಗ ಅನಿಲ ಸುರಕ್ಷತಾ ಪ್ರಮಾಣಪತ್ರ ಕೊಡುವುದು ಮಾರುವವರ ಹೊಣೆ.

ಇಟ್ಟುಕೊಳ್ಳುವ ಖರ್ಚು ಕೊಳ್ಳುವ ಖರ್ಚಿನಷ್ಟು ಚರ್ಚೆಯಾಗುವುದಿಲ್ಲ. ನೋಂದಣಿ 350, ವಿಮೆ 900, ಸರ್ವಿಸ್ 700, ಟಯರಿಗೆ ತೆಗೆದಿಡುವುದು 250, ನಿಲ್ಲಿಸುವ ಜಾಗದ ಬಾಡಿಗೆ ತಿಂಗಳಿಗೆ 150ರಂತೆ 1,800. ವರ್ಷಕ್ಕೆ 4,000 ಡಾಲರ್. ಇದರಲ್ಲಿ ಜಾಗದ ಪಾಲೇ ಶೇ 45, ಮತ್ತು ಅದು ಹುಟ್ಟುವುದು 30 ಸೆಂಟಿಮೀಟರಿನಿಂದ: ಮನೆಯ ಗ್ಯಾರೇಜ್ ಬಾಗಿಲಿನ ಎತ್ತರ ಸಾಮಾನ್ಯವಾಗಿ 2.1 ಮೀಟರ್, ಸೂರು ಇಳಿಸಿದ ಹೈಬ್ರಿಡ್ 2.4 ಮೀಟರ್ ಇದ್ದರೆ ಒಳಗೆ ಹೋಗುವುದಿಲ್ಲ. ಅಂಗಳದ ಬದಿಯಲ್ಲಿ ಜಾಗವಿದ್ದವರು ಈ ಸಾಲನ್ನು ಹೊಡೆದುಹಾಕಬಹುದು.

ಇದರ ಮೇಲೆ ಸವಕಳಿ. 52,350ರ ಗಾಡಿಯನ್ನು ಐದು ವರ್ಷ ಇಟ್ಟುಕೊಂಡು 30,000ಕ್ಕೆ ಮಾರಿದರೆ ನಷ್ಟ 22,350, ವರ್ಷಕ್ಕೆ 4,470. ಆ ಹಣ ಬೇರೆಡೆ ಇದ್ದಿದ್ದರೆ ಶೇ 4ರಂತೆ ಬರುತ್ತಿದ್ದ ಬಡ್ಡಿ 2,100. ಎಲ್ಲ ಸೇರಿ ವರ್ಷದ ವೆಚ್ಚ 10,570 ಡಾಲರ್, ಸುಮಾರು 6.13 ಲಕ್ಷ ರೂಪಾಯಿ. ಸಾಲ ಮಾಡಿದವರಿಗೆ ಇನ್ನೂ ಸ್ವಲ್ಪ ಹೆಚ್ಚು: 48,000ಕ್ಕೆ ಶೇ 9ರ ದರದಲ್ಲಿ ಐದು ವರ್ಷದ ಕಂತು ತಿಂಗಳಿಗೆ 996, ಒಟ್ಟು ಬಡ್ಡಿ 11,784.

ಇಂಥದ್ದೇ ಗಾಡಿಯನ್ನು ರಾತ್ರಿಗೆ 180 ಡಾಲರ್‌ನಂತೆ ಬಾಡಿಗೆಗೆ ತಂದರೆ? 10,570ನ್ನು 180ರಿಂದ ಭಾಗಿಸಿದರೆ 58.7. ವರ್ಷಕ್ಕೆ 59 ರಾತ್ರಿ ಗಾಡಿಯಲ್ಲಿ ಕಳೆದರೆ ಮಾತ್ರ ಕೊಳ್ಳುವುದು ಬಾಡಿಗೆಗಿಂತ ಅಗ್ಗ. 25 ರಾತ್ರಿ ಬಳಸುವವರಿಗೆ ಪ್ರತಿ ರಾತ್ರಿ 423 ಡಾಲರ್ ಬೀಳುತ್ತದೆ. ಎಳೆಯಲು ಸುಡುವ ಡೀಸೆಲ್ ಎರಡೂ ಕಡೆ ಒಂದೇ ಆದ್ದರಿಂದ ಈ ಹೋಲಿಕೆಗೆ ಬೇಡ; ಕ್ಯಾಬಿನ್ ಬಾಡಿಗೆಯ ಜೊತೆ ಹೋಲಿಸುವವರು 100 ಕಿ.ಮೀ.ಗೆ 6 ಲೀಟರ್ ಹೆಚ್ಚು ಹಿಡಿಯಲಿ. 5,000 ಕಿ.ಮೀ.ಗೆ 300 ಲೀಟರ್, 1.90ರ ದರದಲ್ಲಿ 570 ಡಾಲರ್.

59 ರಾತ್ರಿ ಎಲ್ಲಿಂದ ಬರಬೇಕು? ಪೂರ್ಣಾವಧಿ ನೌಕರರಿಗೆ ಕಾನೂನು ಕೊಡುವ ವಾರ್ಷಿಕ ರಜೆ ನಾಲ್ಕು ವಾರ. ಇಲ್ಲಿನ ಕನ್ನಡ ಕುಟುಂಬಗಳಲ್ಲಿ ಊರಿಗೆ ಹೋಗುವ ವರ್ಷ ಅದರಲ್ಲಿ ಮೂರು ವಾರ ಬೆಂಗಳೂರು, ಮದುವೆ, ಗೃಹಪ್ರವೇಶಕ್ಕೆ ಹೋಗುತ್ತದೆ. ಉಳಿದ ವಾರದ 7 ರಾತ್ರಿ, ಐದು ದೀರ್ಘ ವಾರಾಂತ್ಯಗಳ 15, ಹತ್ತು ಸಾಮಾನ್ಯ ವಾರಾಂತ್ಯಗಳ 20 ಸೇರಿಸಿದರೆ 42. ಹತ್ತೂ ವಾರಾಂತ್ಯ ಕೈಗೂಡುತ್ತವೆ ಎಂದು ಉದಾರವಾಗಿ ಹಿಡಿದ ಲೆಕ್ಕ ಇದು. ಮಕ್ಕಳ ಕ್ರಿಕೆಟ್, ಸಂಗೀತದ ತರಗತಿ ಇನ್ನೂ ಕಳೆದಿಲ್ಲ. ಆದರೂ ರಾತ್ರಿಗೆ 252 ಡಾಲರ್. ವಾರಾಂತ್ಯಕ್ಕೆಂದು ಕೊಳ್ಳುವವರ ಪರವಾಗಿ ಅಂಕಿಗಳು ಮಾತಾಡುವುದಿಲ್ಲ.

ಒಂದೇ ದೀರ್ಘ ಪ್ರವಾಸಕ್ಕೆ ಕೊಂಡು, ಮುಗಿದ ಮೇಲೆ ಮಾರುವವರ ಲೆಕ್ಕ ಬೇರೆ. ದೇಶ ಸುತ್ತುವ ಹೆದ್ದಾರಿ 1ರ ಉದ್ದ ಸುಮಾರು 14,500 ಕಿ.ಮೀ. ಆರು ತಿಂಗಳು, 180 ರಾತ್ರಿ ಪ್ರವಾಸ ಮಾಡಿ ವರ್ಷದೊಳಗೆ 44,000ಕ್ಕೆ ಮಾರಿದರೆ ಸವಕಳಿ 8,350, ಬಡ್ಡಿ 2,100, ನಿರ್ವಹಣೆ 3,100 (ಆರು ತಿಂಗಳು ಜಾಗದ ಬಾಡಿಗೆ ಇಲ್ಲ). ಒಟ್ಟು 13,550, ರಾತ್ರಿಗೆ 75 ಡಾಲರ್. ಬಾಡಿಗೆ ಗಾಡಿಯಾಗಿದ್ದರೆ 32,400 ಆಗುತ್ತಿತ್ತು. ಹೊಸ ಗಾಡಿ ಕೊಂಡವರು ಮೊದಲ ವರ್ಷದ ಸವಕಳಿಯನ್ನು ತಾವೇ ಹೊತ್ತಿರುವುದರಿಂದ ಈ ಯೋಜನೆಗೆ ನಾಲ್ಕೈದು ವರ್ಷದ ಗಾಡಿಯೇ ಸರಿ.

ಆರು ತಿಂಗಳ ರಜೆ ಸಂಬಳವಿಲ್ಲದೆ ಸಿಗುವುದು, ಸಿಕ್ಕರೆ. ವಿಕ್ಟೋರಿಯದಲ್ಲಿ ಒಂದೇ ಕಡೆ ಏಳು ವರ್ಷ ದುಡಿದವರಿಗೆ ಸಂಬಳ ಸಹಿತ ದೀರ್ಘ ಸೇವಾ ರಜೆ ಸುಮಾರು 6.1 ವಾರ ಸಿಗುತ್ತದೆ. ವಾರ್ಷಿಕ ರಜೆಯ ನಾಲ್ಕು ವಾರ ಸೇರಿಸಿದರೆ 71 ರಾತ್ರಿ. ಕೊಂಡು, ಸುತ್ತಿ, ಆರು ತಿಂಗಳೊಳಗೆ 45,850ಕ್ಕೆ ಮಾರಿದರೆ ಸವಕಳಿ 6,500, ನೋಂದಣಿ, ವಿಮೆ, ಸರ್ವಿಸ್, ಟಯರು 2,200, ಮೂರು ತಿಂಗಳ ಜಾಗದ ಬಾಡಿಗೆ 450, ಬಡ್ಡಿ 1,050. ಒಟ್ಟು 10,200, ರಾತ್ರಿಗೆ 144 ಡಾಲರ್. ಬಾಡಿಗೆ ಗಾಡಿಗಾದರೆ 12,780. ಉಳಿತಾಯ 2,580 ಡಾಲರ್. ಮಾರುವಾಗ ಗಾಡಿ 43,270ಕ್ಕಿಂತ ಕೆಳಗೆ ಹೋದರೆ ಅದೂ ಇಲ್ಲ.